ಸಾಣೆಕಲ್ಲು ಹೊತ್ತು ಬಂದ ಅತ್ತೆ

ನಮ್ಮ ಸೋದರತ್ತೆಯ ಕೈಗೆ ಸಿಕ್ಕಿಯೂ ನಿದ್ದೆ ಮಾಡದೆ ಉಳಿದವರು ಸರ್ಜಾಪುರದಲ್ಲಿ ಯಾರೂ ಇಲ್ಲ. ಮಗು ಅತ್ತರೆ ಸಾಕು, ಅದು ಯಾರ ಮನೆಯದೇ ಆಗಿರಲಿ, ಜಾಯಿಕಾಯಿ ಮತ್ತು ಸಾಣೆಕಲ್ಲು ಹಿಡಿದು ಹೊರಟುಬಿಡುತ್ತಾರೆ. ತೇದು, ಹಾಲಿನಲ್ಲಿ ಕಲಸಿ ನೆಕ್ಕಿಸಿದರೆ ಮಗು ಗಪ್‌ಚಿಪ್. ಎಷ್ಟು ತೇಯಬೇಕು ಎಂದು ಕೇಳಿದರೆ, ಮಗು ಎಷ್ಟು ಜೋರಾಗಿ ಅಳುತ್ತದೋ ಅಷ್ಟು ಎನ್ನುತ್ತಾರೆ. ಇದೂ ಒಂದು ಅಳತೆಯೇ!

ದೊಡ್ಡವರಿಗೂ ಬಿಡುಗಡೆಯಿಲ್ಲ. ಮಹಡಿಯ ಬಾಡಿಗೆದಾರ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುತ್ತಾನೆಂದು ತರಕಾರಿ ಗಾಡಿಯವನ ಮೈಕನ್ನೇ ಬಂದ್ ಮಾಡಿಸಿದ್ದರು. ಪಾಪ, ಅವನು ಬೀದಿ ದಾಟುವವರೆಗೂ ಟೊಮೆಟೊ ಎತ್ತಿ ಎತ್ತಿ ತೋರಿಸುತ್ತಾ ಹೋಗುತ್ತಿದ್ದ. ಒಮ್ಮೆ ನಮ್ಮ ಭಾವ, ನಿದ್ದೆ ಬರುತ್ತಿಲ್ಲ ಎಂದು ಬಾಯಿತಪ್ಪಿ ಹೇಳಿ, ಅತ್ತೆ ಕೊಟ್ಟ ಹಾಲು ಕುಡಿದು, ಮರುದಿನ ತಮ್ಮದೇ ಗೃಹಪ್ರವೇಶದ ಹೋಮದ ಮುಂದೆ ಗೊರಕೆ ಹೊಡೆದರು. ಪುರೋಹಿತರು ದನಿ ಏರಿಸಿದರೆ, ಮೆಲ್ಲಗೆ ಹೇಳಿ ಸ್ವಾಮಿ, ಎದ್ದುಬಿಟ್ಟಾರು ಎಂದರಂತೆ ಅತ್ತೆ!

ಇಂಥವರು, ನನ್ನ ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿ ವೈಟ್‌ಫೀಲ್ಡ್ ಕಡೆಯ ಆಸ್ಪತ್ರೆಯೊಂದರ ಶಿಶುಗಳ ಐಸಿಯು ಸೇರಿದಾಗ ಸುಮ್ಮನಿರುತ್ತಾರೆಯೇ? ಸೊಂಟದ ಗಂಟಿನಲ್ಲಿ ಜಾಯಿಕಾಯಿ, ಕೈಚೀಲದಲ್ಲಿ ಸಾಣೆಕಲ್ಲು! ಕಲ್ಲು ಯಾಕಮ್ಮ ಎಂದ ಸೆಕ್ಯುರಿಟಿಯವನಿಗೆ, ನಿನಗೂ ನಿದ್ದೆ ಬರಲ್ವಾ ಎಂದು ಕೇಳಿದರು.

ಹೊರಗೆ ಬಂದ ನರ್ಸ್ ಬೈಯಲಿಲ್ಲ, ಕೂರಿಸಿ ವಿವರಿಸಿದರು. ಉಸಿರಾಟದ ಕೊಳವೆಯ ಹಿಂಸೆ ತಿಳಿಯದಿರಲೆಂದು ಮಗುವಿಗೆ ಅವರೇ ನಿದ್ದೆಯ ಔಷಧಿ ಕೊಡುತ್ತಿದ್ದರಂತೆ. ಅದು ಅಳುವಿನ ಲೆಕ್ಕದಲ್ಲಲ್ಲ, ಮಗುವಿನ ತೂಕದ ಲೆಕ್ಕದಲ್ಲಿ. ಒಬ್ಬರು ಸಿರಿಂಜಿಗೆ ತೆಗೆದ ಔಷಧಿಯನ್ನು ಇನ್ನೊಬ್ಬರು ಸರಿನೋಡದೆ ಕೊಡುವಂತಿಲ್ಲ. ಅದರ ಪ್ರಮಾಣವನ್ನು ನಿಧಾನವಾಗಿ ಇಳಿಸುತ್ತಾ ಬಂದು, ಆವತ್ತು ಬೆಳಿಗ್ಗೆ ಕೊಳವೆ ತೆಗೆದಿದ್ದರು. ಇನ್ನು ಮಗು ತಾನಾಗಿಯೇ ಉಸಿರಾಡಬೇಕು. ಮೈಯಲ್ಲಿ ಇನ್ನೂ ಉಳಿದಿರುವ ಔಷಧಿಯ ಮೇಲೆ ನಿದ್ದೆ ಬರಿಸುವ ಇನ್ನೊಂದು ಪದಾರ್ಥ ಬಿದ್ದರೆ ಉಸಿರೇ ನಿಲ್ಲಬಹುದು.

"ಪಾಪು ಎದ್ದು ಅಳ್ಬೇಕು ಅಜ್ಜಿ," ಎಂದರು ನರ್ಸ್. "ನಾವೆಲ್ಲ ಅದಕ್ಕೇ ಕಾಯ್ತಿದ್ದೀವಿ."

ಅತ್ತೆ ಕಕ್ಕಾಬಿಕ್ಕಿಯಾದರು. ಜೀವಮಾನವಿಡೀ ಮಲಗಿಸಿದ್ದೇ ಮಲಗಿಸಿದ್ದು, ಎಬ್ಬಿಸುವ ಮದ್ದು ಅವರಿಗೆಲ್ಲಿ ಗೊತ್ತು? ಚೀಲವನ್ನು ಸೆಕ್ಯುರಿಟಿಯವನ ಬಳಿ ಬಿಟ್ಟು, ಕೈ ತೊಳೆದು, ಗೌನು ತೊಟ್ಟು ನನ್ನ ಹಿಂದೆಯೇ ಒಳಗೆ ಬಂದರು.

ಗಾಜಿನ ಪೆಟ್ಟಿಗೆಯಲ್ಲಿ ಮಗಳು ಕಣ್ಣು ಮುಚ್ಚಿ ಮಲಗಿದ್ದಳು. ಆ ಪುಟ್ಟ ಎದೆ ಏರಿ ಇಳಿಯುವುದನ್ನೇ ನೋಡುತ್ತಾ ನಿಂತ ನನಗೆ ವಿಪರೀತ ಭಯವಾಗಿತ್ತು. ಅತ್ತೆ ಬಗ್ಗಿ, ಅದುವರೆಗೆ ಯಾವ ಮಗುವಿಗೂ ಹೇಳದ ಮಾತು ಹೇಳಿದರು.

"ಏಳವ್ವ. ವಸಿ ಅಳವ್ವ. ಜೋರಾಗೇ ಅಳು, ಯಾರೂ ಏನೂ ಅನ್ನಾಕಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಮಗಳು ಮುಖ ಕಿವುಚಿದಳು. ಬೆಕ್ಕಿನ ಮರಿಯಂಥ ಸಣ್ಣ ದನಿ ಬಂತು. ಅತ್ತೆಯ ಕೈ ಅಭ್ಯಾಸಬಲದಿಂದ ಗೌನಿನ ಮೇಲೇ ಸೊಂಟದ ಗಂಟನ್ನು ತಡವಿ, ಅಲ್ಲೇ ನಿಂತಿತು. ಆಮೇಲೆ ಅವರೂ ಅಳತೊಡಗಿದರು. ಅವರನ್ನು ಯಾರೂ ಸುಮ್ಮನಿರಿಸಲಿಲ್ಲ.