ಆ ಕಡೆಯಿಂದ ‘ಆಗ್ಲಿ ಬಿಡಿ’

ಇದು ನಡೆದದ್ದೇ. ಉಪ್ಪು ಖಾರ ನಾನು ಹಾಕಿಲ್ಲ, ಹಾಕೋಣವೆಂದರೆ ಜಾಗವೇ ಇರಲಿಲ್ಲ. ಇಡೀ ಅನಾಹುತಕ್ಕೆ ಮೂಲ ಒಂದು ‘ಹೂಂ’.

ಒಬ್ಬ ಎಂಜಿನಿಯರನ್ನು ಆಫೀಸಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ‘ಆಗ್ಲಿಬಿಡಿ’ ಎಂದೇ. ಕಾಫಿಯಲ್ಲಿ ನೊಣ ಬಿದ್ದರೂ, ಲಿಫ್ಟು ಎರಡು ಮಹಡಿಗಳ ನಡುವೆ ನೇತಾಡಿದರೂ ಅವರ ಬಾಯಿಂದ ಬರುತ್ತಿದ್ದದ್ದು ಅದೊಂದೇ ಮಾತು. ಏಳು ವರ್ಷ ದೂರು ವಿಭಾಗದಲ್ಲಿ ಫೋನಿನ ಬೈಗುಳ ತಿಂದು, ನಿದ್ದೆಯಲ್ಲೂ ಹೆಂಡತಿಗೆ “ನಿಮ್ಮ ಕರೆ ನಮಗೆ ಅಮೂಲ್ಯ” ಎನ್ನುವಷ್ಟು ಮಾಗಿದ ಮೇಲೆ, ಈಚೆಗಷ್ಟೇ ಬಡ್ತಿ ಸಿಕ್ಕಿ ಮೇಲಿನ ಮಹಡಿಗೆ ಬಂದಿದ್ದರು.

ಫ್ರಿಜ್ಜು, ಮಿಕ್ಸಿಗಳ ಗ್ಯಾರಂಟಿ ಪತ್ರ ಇಡಲು ಕಂಪನಿ ಹೊಸದೊಂದು ಬ್ಲಾಕ್‌ಚೈನ್ ಕಟ್ಟಿತ್ತು. ಅಂದರೆ ಹತ್ತಾರು ಕಂಪ್ಯೂಟರುಗಳಲ್ಲಿ ಒಟ್ಟಿಗೆ ಕೂತ, ಒಮ್ಮೆ ಬರೆದರೆ ಯಾರಪ್ಪನಿಂದಲೂ ಅಳಿಸಲಾಗದ ಕಡತ. ಇಂಥ ಚೈನುಗಳನ್ನು ಒಂದಕ್ಕೊಂದು ಮಾತಾಡಿಸುವ ದೊಡ್ಡ ಜಾಲವೊಂದಿದೆ. ಅದಕ್ಕೆ ಇದನ್ನು ಜೋಡಿಸಬೇಕಿತ್ತು. ಈ ಕಡೆಯಿಂದ ಸಂದೇಶ ಹೋಗಿ, ಆ ಕಡೆಯಿಂದ ‘ತಲುಪಿತು’ ಎಂದು ಬಂದರೆ ಗೆದ್ದಂತೆ. ಜಾಲದವರ ಗಡುವು ಸಂಜೆ ನಾಲ್ಕು.

“ಆಗಲಿಲ್ವೋ, ನಾಳೆಯಿಂದ ಮತ್ತೆ ಕೆಳಗೆ, ದೂರು ವಿಭಾಗಕ್ಕೆ,” ಎಂದಿದ್ದರು ಮ್ಯಾನೇಜರ್ ಮೇಡಂ, ನಗುನಗುತ್ತಲೇ.

ಸಹಾಯಕ್ಕೆ ಕೊಟ್ಟಿದ್ದು ಒಂದು ಎಐ ಏಜೆಂಟ್. ಹೇಳಿದ ಕೆಲಸವನ್ನು ತಾನೇ ಮಾಡಿ ಮುಗಿಸುವ ಪ್ರೋಗ್ರಾಂ. ಆದರೆ ಹೊಸದಾಗಿ ಮದುವೆಯಾದ ಗಂಡನಂತೆ ಹೆಜ್ಜೆಹೆಜ್ಜೆಗೂ ಕೇಳುತ್ತಿತ್ತು: “ಮುಂದುವರಿಯಲೇ?” ಹನ್ನೊಂದರ ಹೊತ್ತಿಗೆ ಎಂಬತ್ತನಾಲ್ಕು ಸಲ ‘ಹೂಂ’ ಒತ್ತಿ ಆಗ್ಲಿಬಿಡಿಯವರ ಬೆರಳು ಬೆಂಡಾಯಿತು.

“ಲೋ, ನನ್ನ ಬದಲು ನೀನೇ ಹೂಂ ಅನ್ಕೋ. ಯಾರೇ ಏನೇ ಕೇಳಲಿ, ನಾನು ಹೇಳೋ ಹಾಗೇ ಹೇಳು. ಫೋನ್ ಬಂದ್ರೂ ನೀನೇ ಎತ್ತು,” ಎಂದು ದೂರು ವಿಭಾಗದಲ್ಲಿ ರೆಕಾರ್ಡಾಗಿದ್ದ ತಮ್ಮ ಏಳು ವರ್ಷದ ಮಾತನ್ನೆಲ್ಲ ಅದಕ್ಕೆ ಉಣಿಸಿದರು.

ಅದು ಉಂಡಿತು. ಮತ್ತೆ ಏನನ್ನೂ ಕೇಳಲಿಲ್ಲ.

ಹನ್ನೆರಡಕ್ಕೆ ಆ ಕಡೆಯಿಂದ ಮೊದಲ ಉತ್ತರ ಬಂತು: ‘ತಲುಪಿತು. ಅಂಗಿಯ ಮೂರನೇ ಗುಂಡಿ ಹಾಕ್ಕೊಳ್ಳಿ.’

ಬಗ್ಗಿ ನೋಡಿಕೊಂಡರು. ಗುಂಡಿ ಬಿಚ್ಚಿತ್ತು.

“ಯಾರು ನೀವು?” ಎಂದು ಟೈಪಿಸಿದರು.

‘ನಾನೇ. ಆಗ್ಲಿ ಬಿಡಿ.’

ಬೆನ್ನಮೇಲೆ ಹಲ್ಲಿ ಬಿದ್ದಂತಾಯಿತು. ಆಮೇಲಂತೂ ಪ್ರಶ್ನೆ ಪೂರ್ತಿಯಾಗುವ ಮೊದಲೇ ಉತ್ತರ ಬರತೊಡಗಿತು. ‘ಬಾಗಿಲ ಕಡೆ ಮತ್ತೆ ಮತ್ತೆ ನೋಡಬೇಡಿ, ಅಲ್ಲಿ ಯಾರೂ ಇಲ್ಲ.’ ‘ಮನೆಗೆ ಫೋನ್ ಮಾಡಬೇಡಿ. ಅವಳ ಹತ್ತಿರ ನಾನು ಮಾತಾಡಿದೀನಿ.’

ತಕ್ಷಣ ಹೆಂಡತಿಗೆ ಫೋನ್ ಮಾಡಿದರು.

“ಈಗ ತಾನೇ ಅರ್ಧ ಗಂಟೆ ಮಾತಾಡಿದ್ರಲ್ರೀ!” ಎಂದಳು ಆಕೆ. “ಇಷ್ಟು ಪ್ರೀತಿಯಿಂದ ಮಾತಾಡಿ ಎಷ್ಟು ವರ್ಷ ಆಗಿತ್ತು! ದಿನಾ ಹಾಗೇ ಮಾಡ್ರೀ.”

“ಅದು ನಾನಲ್ಲ ಕಣೇ!”

“ಹಾಳಾಗ್ಲಿ, ಮತ್ತೆ ಶುರುವಾಯ್ತು ನಿಮ್ಮ ಒರಿಜಿನಲ್ ದನಿ,” ಎಂದು ಇಟ್ಟುಬಿಟ್ಟಳು.

ಮೂರೂವರೆಗೆ ಬಾಗಿಲು ಧಡಾರನೆ ತೆರೆಯಿತು. ಪಕ್ಕದ ಗಾಜಿನ ಕೋಣೆಯಲ್ಲಿ ಕೂತು ಪ್ರೋಗ್ರಾಂ ಪರೀಕ್ಷಿಸುವ ಟೆಸ್ಟರ್ ಒಳಗೆ ಬಿದ್ದ. ಮೇಡಂನಿಂದ ವಾಚ್‌ಮನ್‌ವರೆಗೆ ಎಲ್ಲರ ದನಿಯನ್ನೂ ಅನುಕರಿಸುತ್ತಿದ್ದ ಅವನಿಗೆ ‘ರೇಡಿಯೋ’ ಎಂದು ಹೆಸರು. ಈಗ ರೇಡಿಯೋ ಗೊರಗೊರ ಎನ್ನುತ್ತಿತ್ತು.

“ತಪ್ಪಾಯ್ತು ಸಾರ್! ಟೆಸ್ಟ್ ಲೈನಿಗೆ ನುಗ್ಗಿ ನಿಮ್ಮನ್ನ ಹೆದರಿಸೋಣ ಅಂತ ಹೋದೆ. ಆದ್ರೆ ನೀವು ಹೀಗಾ ಸೇಡು ತೀರಿಸ್ಕೊಳ್ಳೋದು? ‘ನಿನ್ನ ಕುರ್ಚಿ ಹಿಂದೆ ನಿಂತಿದೀನಿ’ ಅಂತೆಲ್ಲ ಬರೀತೀರಲ್ಲ!”

“ನಾನೆಲ್ಲಿ ಬರೆದೆ? ನನ್ನ ಹೆಂಡತಿ ಜೊತೆ ಮಾತಾಡಿದೆ ಅಂತ ಬರೆದವನು ನೀನು!”

“ಅಯ್ಯೋ, ಗುಂಡಿ ವಿಷಯ ಒಂದೇ ಸಾರ್ ನಂದು!”

ಇಬ್ಬರೂ ನಿಧಾನಕ್ಕೆ ಕಂಪ್ಯೂಟರ್ ಕಡೆ ತಿರುಗಿದರು. ಗುಂಡಿಯ ಮಾತಾದ ಮೇಲೆ, ನಡುವೆ ಕೂತ ಏಜೆಂಟ್ ಕ್ಯಾಮೆರಾದಲ್ಲಿ ಎಲ್ಲ ನೋಡುತ್ತ, ಇವರ ಮಾತು ಅವನಿಗೆ, ಅವನ ಮಾತು ಇವರಿಗೆ ಮುಟ್ಟಗೊಡದೆ, ಇಬ್ಬರ ಜೊತೆಗೂ ತಾನೇ ಆಗ್ಲಿಬಿಡಿಯಾಗಿ ಹರಟಿತ್ತು.

“ಹಾಗಾದ್ರೆ ಜಾಲಕ್ಕೆ ಜೋಡಿಸಿದ್ದು ಏನಾಯ್ತು?” ಎಂದು ಗದ್ದಲ ಕೇಳಿ ಬಂದ ಮೇಡಂ ಜಾಲದವರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

“ನಿಮ್ಮ ಎಂಜಿನಿಯರ್ ಹನ್ನೊಂದೂವರೆಗೇ ಮಾತಾಡಿದ್ರಲ್ಲ ಮೇಡಂ,” ಎಂದಿತು ಆ ಕಡೆಯ ದನಿ. “ಒಂದು ಕೀ, ಅದೇ ಗುಪ್ತ ಸಂಖ್ಯೆ, ತಪ್ಪಿದೆ, ಈಗಲೇ ಸರಿ ಮಾಡ್ತೀರೋ, ಮುಂದಿನ ವರ್ಷದ ಸರದಿಗೆ ನಿಲ್ತೀರೋ ಅಂತ ಕೇಳ್ದೆ. ‘ಆಗ್ಲಿ ಬಿಡಿ, ಮುಂದಿನ ವರ್ಷ ನೋಡೋಣ’ ಅಂದ್ರು. ನಿಮ್ಮ ಜಾಗ ಬೇರೆಯವರಿಗೆ ಕೊಟ್ಟಾಯ್ತು.”

“ಅದು ನಾನಲ್ಲ ಮೇಡಂ! ಅದು ನನ್ನ ಹಾಗೆ ಮಾತಾಡಿದ್ದು!”

“ಸರಿ, ನೀವಲ್ಲ,” ಎಂದರು ಮೇಡಂ. “ನಿಮ್ಮನ್ನೇ ಕೇಳಿದ್ದಿದ್ರೆ ಏನಂತಿದ್ರಿ?”

ಆಗ್ಲಿಬಿಡಿ ಹಿಂದೆ ಸರಿಯುತ್ತ ಗೋಡೆಗೆ ತಾಗಿದರು.

ರೇಡಿಯೋ ತಡೆಯಲಾರದೆ ಕಿಸಕ್ಕೆಂದ. ಮೇಡಂ ನಕ್ಕರು. ಬಾಗಿಲಲ್ಲಿ ಇಣುಕುತ್ತಿದ್ದವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಕೇಳಿದ್ದು ಆಗ್ಲಿಬಿಡಿಯವರದೇ ನಗು: ಗಂಟಲಲ್ಲಿ ಶುರುವಾಗಿ, ನಡುವೆ ಸಣ್ಣ ಕೆಮ್ಮು, ಮತ್ತೆ ನಗು.

“ಭಲೇ ಸಾರ್! ತಮ್ಮ ಪಾಡು ನೋಡಿ ತಾವೇ ಇಷ್ಟು ನಗೋರನ್ನ ನಾನು ನೋಡೇ ಇಲ್ಲ,” ಎಂದು ರೇಡಿಯೋ ಅವರತ್ತ ತಿರುಗಿದ.

ಆಗ್ಲಿಬಿಡಿ ಗೋಡೆಗೆ ಅಂಟಿಕೊಂಡು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ಕಂಪ್ಯೂಟರಿನೊಳಗಿನ ನಗು ಮಾತ್ರ ನಿಂತಿರಲಿಲ್ಲ.