ಮೂರನೇ ಕ್ಲಾಸಿನ ಹೂಮಳೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಳೆ ಬಂದದ್ದು ಮಂಗಳವಾರ ಎಂದು ನನ್ನ ಡೈರಿ ಹೇಳುತ್ತದೆ. ಆದರೆ ನಾನು ಡೈರಿ ಬರೆಯುವುದು ಮೂರು ನಾಲ್ಕು ದಿನಕ್ಕೊಮ್ಮೆ ಒಟ್ಟಿಗೆ ಕೂತು. ಹಾಗಾಗಿ ಅದು ಹೇಳುವುದೂ ನಾನು ನೆನಪಿನಿಂದ ಅದಕ್ಕೆ ಹೇಳಿಕೊಟ್ಟದ್ದನ್ನೇ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ಸಾಕ್ಷಿಯಿಲ್ಲದೆ ಯಾರನ್ನೂ ನಂಬಬೇಡ ಎಂದು ಮೇಷ್ಟ್ರುಗಳು ತಲೆಗೆ ತುಂಬಿದ್ದರು. ಬೇರೆಯವರನ್ನು ನಂಬದಿರುವುದು ಬೇಗ ರೂಢಿಯಾಯಿತು. ನನ್ನನ್ನೇ ನಂಬದಿರುವುದು ಮಾತ್ರ ಅವಸರದ ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ.

ನನ್ನ ಮಗಳು ಸಿರಿ ಮೂಡಿಗೆರೆ ಹತ್ತಿರದ ಒಂದು ಕ್ರೈಸ್ತ ಶಾಲೆಯಲ್ಲಿ ಮೂರನೇ ಕ್ಲಾಸು ಓದುತ್ತಾಳೆ. ಅಲ್ಲಿಯ ಪಾಠಕ್ರಮ ನೋಡಿದರೆ ಈ ವಯಸ್ಸಿನಲ್ಲಿ ನನಗೂ ಯೂನಿಫಾರಂ ಹೊಲಿಸಿಕೊಳ್ಳುವ ಆಸೆಯಾಗುತ್ತದೆ. ಒಂದೇ ಪಾಠ ದಿನಕ್ಕೆರಡು ಸಲ, ಬೆಳಗ್ಗೆ ಇಂಗ್ಲಿಷಿನಲ್ಲಿ, ಊಟವಾದ ಮೇಲೆ ಕನ್ನಡದಲ್ಲಿ. ಒಂದು ಇನ್ನೊಂದರ ಅನುವಾದ ಎಂದುಕೊಳ್ಳಬೇಡಿ. ಬೆಳಗ್ಗೆ ಬೀಜ ಎಂದರೆ ಅದರ ಚಿತ್ರ ಬರೆದು ಭಾಗಗಳನ್ನು ಗುರುತಿಸುವುದು. ಮಧ್ಯಾಹ್ನ ಬೀಜ ಎಂದರೆ ಅಜ್ಜಿ ಅದನ್ನು ಬೂದಿಯಲ್ಲಿ ಹೊರಳಿಸಿ ಇಡುವುದು ಯಾಕೆ ಎಂದು ಕೇಳಿಕೊಂಡು ಬಂದು ಹೇಳುವುದು. ನಡುವೆ ಊಟ, ಊಟಕ್ಕೆ ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ. ಈ ಪದ್ಧತಿ ಈಗ ನಮ್ಮ ಮನೆಗೂ ಬಂದಿದೆ. ಸಿರಿ ಭಕ್ತಿಯಿಂದ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವಳ ಹಪ್ಪಳ ನಮ್ಮ ಮಾವನ ತಟ್ಟೆಗೆ ಹೋಗಿರುತ್ತದೆ. "ದೇವ್ರು ತಗೊಂಡ ಕಣೆ," ಎನ್ನುತ್ತಾರೆ ಮಾವ, ಕುರುಕುರು ಅನ್ನಿಸುತ್ತಾ.

ಮಾರ್ಚ್‌ನಲ್ಲಿ 'ನೀರು' ಎಂಬ ಪಾಠ ಬಂತು. ಕ್ಲಾಸ್ ಟೀಚರ್ ಗ್ರೇಸಿ ಮಿಸ್ ಪ್ರತಿ ಮಗುವಿಗೂ ಒಂದೇ ಅಳತೆಯ, ನೇರ ಗೋಡೆಯ, ಮುಚ್ಚಳವಿರುವ ಪ್ಲಾಸ್ಟಿಕ್ ಜಾಡಿ ಕೊಟ್ಟರು. ಅದರ ಒಂದು ಬದಿಗೆ ಮಿಲಿಮೀಟರಿನ ಪಟ್ಟಿ, ಇನ್ನೊಂದು ಬದಿಗೆ ಅಜ್ಜಂದಿರಿಗೋಸ್ಕರ ಇಂಚಿನ ಪಟ್ಟಿ. ವರ್ಷದ ಮೊದಲ ಹೂಮಳೆಯನ್ನು ಅದರಲ್ಲಿ ಹಿಡಿದು, ಮುಚ್ಚಳ ಹಾಕಿ, ಆ ಮಳೆಯನ್ನೇ ಶಾಲೆಗೆ ತರಬೇಕು! ಮಳೆಯ ಮಾರನೆಯ ದಿನವೇ ಶಾಲೆಯ ಅಂಗಳದಲ್ಲಿ ಸೀಮೆಸುಣ್ಣದಿಂದ ನಮ್ಮ ಸುತ್ತಿನ ಭೂಪಟ ಬರೆಯುತ್ತಾರಂತೆ. ಮಕ್ಕಳು ಜಾಡಿ ಹಿಡಿದು ಅವರವರ ಮನೆಯ ಜಾಗದಲ್ಲಿ ನಿಲ್ಲುತ್ತಾರಂತೆ, ಮನೆಯವರೆಲ್ಲ ನೋಡಲು ಬರಬೇಕಂತೆ. ಸುದ್ದಿ ಕೇಳಿ ಸಿರಿ ಕುಣಿದಳು, ಅವಳಿಗಿಂತ ಎರಡು ಕುಣಿತ ಹೆಚ್ಚಿಗೆ ನಾನು ಕುಣಿದೆ.

ಆದರೆ ಗ್ರೇಸಿ ಮಿಸ್ ಕರಾವಳಿಯ ಕಡೆಯವರು. ಕಾಫಿ ಬೆಳೆಯುವವರಿಗೂ ಹೂಮಳೆಗೂ ಇರುವ ಸಂಬಂಧ ಅವರಿಗೆ ಪೂರ್ತಿ ತಿಳಿದಂತಿಲ್ಲ. ಆ ಮಳೆ ಒಂದಿಂಚಾದರೂ ಬಿದ್ದರೆ ಗಿಡ ಒಮ್ಮೆಗೇ ಹೂ ಬಿಡುತ್ತದೆ. ಅದಕ್ಕಿಂತ ಕಡಿಮೆಯಾದರೆ ಮೊಗ್ಗು ಅರ್ಧ ಬಿರಿದು ಕರಟಿ ಹೋಗುತ್ತದೆ. ಹಾಗಾಗಿ ಮಳೆ ನಿಂತ ತಕ್ಷಣ ಇಲ್ಲಿಂದ ಬಾಳೂರಿನವರೆಗೆ ಎಲ್ಲರ ಫೋನೂ ಬಡಿದುಕೊಳ್ಳುತ್ತದೆ. "ನಿಮ್ಮಲ್ಲಿ ಎಷ್ಟು?" ಉತ್ತರ ಇಂಚು ಮತ್ತು ಸೆಂಟಿನಲ್ಲಿ, ನೂರು ಸೆಂಟಿಗೆ ಒಂದಿಂಚು. ಮೊದಲು ಹೇಳಿದವನು ಸೋತ. ಯಾಕೆಂದರೆ ಎರಡನೆಯವನು ಯಾವಾಗಲೂ ಹತ್ತು ಸೆಂಟು ಸೇರಿಸಿಯೇ ಹೇಳುತ್ತಾನೆ. ಮಾವನ ಹತ್ತಿರ ಒಂದು ತಾಮ್ರದ ಮಳೆಮಾಪಕವಿದೆ. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಅವರು ನೋಡುತ್ತಾರೆ, ತಕ್ಷಣ ನೀರು ಚೆಲ್ಲುತ್ತಾರೆ, ಆಮೇಲೆ ಅಳತೆ ಹೇಳುತ್ತಾರೆ. ಇತಿಹಾಸದ ವಿದ್ಯಾರ್ಥಿನಿಗೆ ಇದಕ್ಕಿಂತ ಸಂಕಟ ಬೇರೆಯಿಲ್ಲ.

ಮಂಗಳವಾರ (ಎಂದು ಇಟ್ಟುಕೊಳ್ಳೋಣ) ಸಂಜೆ ಮಳೆ ಬಂತು. ಕಾಫಿ ಒಣಗಿಸುವ ಕಣದ ನಡುವೆ ಜಾಡಿ ಇಟ್ಟು ಸಿರಿ, ನಾನು, ಮಾವ ಮೂವರೂ ಜಗಲಿಯಲ್ಲಿ ಉಸಿರು ಹಿಡಿದು ನಿಂತೆವು. ಹನಿ ನಿಂತ ಕೂಡಲೇ ಓಡಿ ಬಗ್ಗಿ ನೋಡಿದೆವು. ನನಗೆ ನೆನಪಿರುವಂತೆ ನೀರು ಅರ್ಧ ಇಂಚಿನ ಗೆರೆ ಮುಟ್ಟಿತ್ತು, ಅಷ್ಟೆ. ಇನ್ನೂ ಬಂದರೂ ಬರಬಹುದು ಎಂದು ಜಾಡಿಯನ್ನು ಅಲ್ಲೇ ಬಿಟ್ಟೆವು. ಅಷ್ಟರಲ್ಲಿ ಕಣಿವೆಯಾಚೆಯ ಪುಟ್ಟೇಗೌಡರ ಫೋನು. ಅವರ ಮೊಮ್ಮಗ ಸಿರಿಯ ಕ್ಲಾಸಿನವನೇ. ಮಾವ ಗಂಟಲು ಸರಿಮಾಡಿಕೊಂಡು, "ಒಂದಿಂಚು ಹತ್ತು ಸೆಂಟು ಮಾರಾಯ, ಜಡಿದು ಬಿಡ್ತು," ಎಂದರು. ಸಿರಿ ನನ್ನ ಮುಖ ನೋಡಿದಳು. ನಾನು ಆಕಾಶ ನೋಡಿದೆ.

ಮಾರನೆಯ ಬೆಳಗ್ಗೆ ಎದ್ದು ಬಂದರೆ ಮಾವ ಚೊಂಬು ಹಿಡಿದು ಕಣದಿಂದ ಬರುತ್ತಿದ್ದಾರೆ. ಜಾಡಿಯಲ್ಲಿ ನೀರು ಒಂದಿಂಚು ದಾಟಿ ನಿಂತಿದೆ! ಕಣ ಒದ್ದೆಯಿತ್ತು, ಆದರೆ ಅದು ಹಿಂದಿನ ಸಂಜೆಯಿಂದಲೇ ಒದ್ದೆ. ನನಗೆ ಹಪ್ಪಳ ನೆನಪಾಯಿತು. ಶಾಲೆಯ ಗೇಟಿನ ಮೇಲೆ 'ಈ ತಿಂಗಳ ಮೌಲ್ಯ: ಸತ್ಯ' ಎಂದು ಎರಡೂ ಭಾಷೆಯಲ್ಲಿ ಬರೆದಿದ್ದೂ ನೆನಪಾಯಿತು. ಮಗು ಚೊಂಬಿನ ನೀರು ಹೊತ್ತುಕೊಂಡು ಆ ಗೇಟು ದಾಟುವುದೇ? ಅತ್ತಿತ್ತ ನೋಡಿ, ನನ್ನ ನೆನಪಿನ ಗೆರೆಗೆ ಸರಿಯಾಗಿ ಬರುವವರೆಗೆ ನೀರು ಬಗ್ಗಿಸಿ ಮುಚ್ಚಳ ತಿರುಗಿಸಿದೆ. ಮನಸ್ಸು ಎಷ್ಟು ಹಗುರವಾಯಿತೆಂದರೆ, ಶಾಲೆಯವರೆಗೂ ಕಾರಿನಲ್ಲಿ ಹಾಡು ಗುನುಗಿಕೊಂಡೇ ಹೋದೆ.

ಶಾಲೆಯ ಅಂಗಳವೇ ಜಾತ್ರೆ! ಮಕ್ಕಳು ಭೂಪಟದ ಮೇಲೆ ಸಾಲಾಗಿ ನಿಂತಿದ್ದರು. ಪುಟ್ಟೇಗೌಡರ ಮೊಮ್ಮಗನ ಜಾಡಿಯಲ್ಲಿ ಒಂದಿಂಚಿನ ಮೇಲೆ. ಅವನ ಪಕ್ಕದವನದೂ ಅಷ್ಟೇ. ಎಲ್ಲ ಅಜ್ಜಂದಿರೂ ಚೊಂಬು ಹಿಡಿದವರೇ ಎಂದು ಒಳಗೊಳಗೇ ನಕ್ಕೆ. ನಮ್ಮದು ಮಾತ್ರ ಅರ್ಧ. ಪುಟ್ಟೇಗೌಡರು ಬಿಡುತ್ತಾರೆಯೇ? ಮಾವನ ಕಡೆ ತಿರುಗಿದರು. "ಎಂತ ಗೌಡ್ರೇ, ಫೋನಲ್ಲಿ ಒಂದಿಂಚು ಸುರಿಸಿದ್ರಿ, ಮೊಮ್ಮಗಳ ಜಾಡಿಗೆ ಬರೋ ಹೊತ್ತಿಗೆ ಅರ್ಧ ಆವಿಯಾಯ್ತಾ?" ಸುತ್ತಲಿನವರು ಗೊಳ್ಳೆಂದರು. ಮಾವನ ಕಿವಿ ಕೆಂಪಾಯಿತು. ಅವರು ಜಾಡಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಆಗ ಪೇಟೆಯ ಮೆಕ್ಯಾನಿಕ್ ಸಲೀಂ ಅವರ ಮಗಳು ಅಫ್ರೀನ್ ತನ್ನ ಜಾಡಿ ಎತ್ತಿದಳು. ಒಂದಿಂಚಿನ ಮೇಲೆ. ಅವರಿಗೆ ತೋಟವೂ ಇಲ್ಲ, ಹೂವಿನ ಚಿಂತೆಯೂ ಇಲ್ಲ, ಸುಳ್ಳು ಹೇಳಿ ಆಗಬೇಕಾದದ್ದು ಏನೂ ಇಲ್ಲ. ಶಾಲೆಯ ತಾರಸಿಯ ಮೇಲಿಟ್ಟಿದ್ದ ಜಾಡಿಯಲ್ಲೂ ಅಷ್ಟೇ. "ಬೆಳಗಿನ ಜಾವ ಇನ್ನೊಂದು ಸಲ ಒಳ್ಳೆ ಮಳೆ ಬಂತಲ್ಲ, ಯಾರು ಯಾರು ಕೇಳಿಸಿಕೊಂಡ್ರಿ?" ಎಂದರು ಗ್ರೇಸಿ ಮಿಸ್. ಅಂಗಳದಲ್ಲಿ ನನ್ನೆದುರಿದ್ದ ಎಲ್ಲ ಕೈಗಳೂ ಮೇಲೆದ್ದವು. ಕುಂಭಕರ್ಣನ ಸಂತತಿಯವಳಾದ ನನ್ನದೊಂದು ಬಿಟ್ಟು. ಮಾವನ ಕೈ ಎದ್ದಿತೋ ಇಲ್ಲವೋ, ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ.

"ಹಾಗಾದ್ರೆ ಸಿರಿ, ನಿಮ್ಮಲ್ಲಿ ಯಾಕೆ ಕಡಿಮೆ?" ಕೇಳಿದರು ಮಿಸ್.

ಸಿರಿ ಒಂದು ಕ್ಷಣ ಅಳುವವಳಂತೆ ತುಟಿ ಕಚ್ಚಿದಳು. ಆಮೇಲೆ ನಾಲ್ಕನೇ ಕ್ಲಾಸಿನ ಗೋಡೆಯ ಮೇಲೆ ನೋಡಿದ ಯಾವುದೋ ಚಿತ್ರ ಅವಳ ಕಣ್ಣಿನಲ್ಲಿ ಮಿಂಚಿತು. "ರೈನ್ ಶ್ಯಾಡೋ, ಮಿಸ್!" ಎಂದಳು. ಆಮೇಲೆ ಕನ್ನಡದಲ್ಲಿ, "ನಮ್ಮನೆ ಹಿಂದೆ ಗುಡ್ಡ ಇದೆ ಅಲ್ವಾ ಮಿಸ್, ಮೋಡ ಆಚೆ ಬದಿಗೇ ಎಲ್ಲ ಸುರ್ದು, ಸುಸ್ತಾಗಿ, ನಮ್ಮಲ್ಲಿಗೆ ಖಾಲಿ ಕೈಯಲ್ಲಿ ಬರುತ್ತೆ. ಮಳೆ ನೆರಳು!"

ಚಪ್ಪಾಳೆಯೋ ಚಪ್ಪಾಳೆ. ಪುಟ್ಟೇಗೌಡರೂ ತಟ್ಟಿದರು. ನಾನು ಮಿಸ್ ಹತ್ತಿರ ಓಡಿ, "ಮಿಸ್, ಒಂದು ವಿಷಯ ಹೇಳ್ಬೇಕಿತ್ತು," ಎಂದೆ. ಅವರು ನನ್ನ ಎರಡೂ ಕೈ ಹಿಡಿದು, "ಗೊತ್ತು, ನಿಮಗೆಷ್ಟು ಖುಷಿಯಾಗಿದೆ ಅಂತ! ನಾಲ್ಕನೇ ಕ್ಲಾಸಿನ ಮಳೆ ನೆರಳಿನ ಪಾಠಾನ ಮೂರಕ್ಕೇ ತರ್ತೀವಿ. ಬರೋ ವಾರ ಮಕ್ಕಳನ್ನೆಲ್ಲ ನಿಮ್ಮ ಗುಡ್ಡಕ್ಕೇ ಕರ್ಕೊಂಡು ಬರ್ತೀನಿ," ಎಂದರು. ಹಿಂದೆ ಸಿರಿ ಜಾಡಿಯನ್ನು ಎದೆಗವಚಿಕೊಂಡು ಹೊಳೆಯುತ್ತಿದ್ದಳು. ನನ್ನ ಬಾಯಿ ಎರಡೂ ಭಾಷೆಯಲ್ಲಿ ಕಟ್ಟಿಹೋಯಿತು.

ಬೆಳಗ್ಗೆ ಜಾಡಿಯಲ್ಲಿ ಒಂದಿಂಚಿತ್ತು ಎಂದು ಅಂಗಳದಲ್ಲಿ ಮಾವ ಒಂದೇ ಒಂದು ಮಾತು ಆಡಿದ್ದರೆ ಅವರ ಮಾನ ಉಳಿಯುತ್ತಿತ್ತು. ಅವರು ಆಡಲಿಲ್ಲ. ಮೊಮ್ಮಗಳ ಚಪ್ಪಾಳೆ ಕೆಡಬಾರದು ಎಂದು ಸುಮ್ಮನಿದ್ದರೋ, ಚೊಂಬಿನ ಗುಟ್ಟು ಹೊರಬಿದ್ದೀತು ಎಂದು ಸುಮ್ಮನಿದ್ದರೋ ನನಗೆ ತಿಳಿಯದು. ವಾಪಸ್ ಬರುವಾಗ ಕಾರಿನಲ್ಲಿ ಮೆಲ್ಲಗೆ ಕೇಳಿದೆ. "ಏರು ಬಂತು, ಸೆಕೆಂಡ್ ಗೇರ್ ಹಾಕಮ್ಮ," ಎಂದರು. ಮನೆಯಲ್ಲಿ ಕೇಳಿದಾಗ ಪೇಪರ್ ಬಿಡಿಸಿಕೊಂಡರು. ಈಗ ತೋಟದ ತುಂಬ ಹೂ ಬಿಟ್ಟು ಘಮಘಮ ಎನ್ನುತ್ತಿದೆ. ನಾಳೆ ಮಕ್ಕಳು ನಮ್ಮ ಗುಡ್ಡ ನೋಡಲು ಬರುತ್ತಾರೆ. ಇವತ್ತು ಊಟದ ಹೊತ್ತಿಗೆ, ಸಿರಿ ಕಣ್ಣು ಮುಚ್ಚಿಕೊಂಡಿದ್ದಾಗ, ನಾನು ಮಾವನ ಕಡೆ ಬಗ್ಗಿ ಪಿಸುಗುಟ್ಟಿದೆ: "ಮಾವ, ಈಗಲಾದ್ರೂ ಹೇಳಿ. ಆವತ್ತು ನಾನು ಚೆಲ್ಲಿದ್ದು ಚೊಂಬಿನ ನೀರಾ, ಮೋಡದ್ದಾ?"