ಚೌಥಿ ಸೀಟಿನಲ್ಲಿ ಬಗ್ಗಿದ ಕಲ್ಲುಗಳು

ನನ್ನ ಗಂಟಲಿನಲ್ಲಿ ಮುಂಬೈಯ ಅರ್ಧ ಘಾಟ್ಕೋಪರ್ ವಾಸವಾಗಿದೆ. ಮೂರು ಸಲ ಕೆಮ್ಮದೆ ಮಾತು ಶುರು ಮಾಡದ ನಮ್ಮ ಬಿಲ್ಡಿಂಗಿನ ಸೆಕ್ರೆಟರಿ, ಗಾಡಿ ತಡವಾಗಿದೆ ಎಂಬುದನ್ನು ಮದುವೆಗೆ ಕರೆಯುವಷ್ಟು ಖುಷಿಯಿಂದ ಹೇಳುವ ಸ್ಟೇಷನ್ನಿನ ಹೆಣ್ಣುದನಿ, ಫೋನಿದ್ದರೂ ನೇರವಾಗಿ ಉಡುಪಿಗೇ ಕೇಳಬೇಕೆಂಬಂತೆ ಕೂಗುವ ನನ್ನಮ್ಮ, ಎಲ್ಲರೂ ಅಲ್ಲೇ ಇದ್ದಾರೆ. ಯಾರನ್ನು ಕರೆದರೂ ಬರುತ್ತಾರೆ. ಕರೆಯದಿದ್ದರೂ ಬರುತ್ತಾರೆ, ಅದೇ ತೊಂದರೆ. ಕಾಲೇಜಿನಲ್ಲಿ ನನ್ನ ಗೈಡ್ ಎದುರೇ ಒಮ್ಮೆ ಗೈಡ್ ದನಿಯಲ್ಲಿ "ವೆರಿ ಗುಡ್" ಅಂದುಬಿಟ್ಟೆ. ಆ ತಿಂಗಳು ನನಗೆ ಬೇರೆ ಯಾರೂ ವೆರಿ ಗುಡ್ ಅನ್ನಲಿಲ್ಲ.

ನಾನು ಓದುವುದು ಕಲ್ಲು. ಸಮುದ್ರದ ಕೆಳಗೆ ಭೂಮಿಯ ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುವ ಕಡೆ, ಎರಡರ ನಡುವೆ ಸಿಕ್ಕಿಕೊಂಡ ಕಲ್ಲುಗಳು ಹೇಗೆ ಬಗ್ಗುತ್ತವೆ, ಒಡೆಯುತ್ತವೆ, ಹರಿಯುತ್ತವೆ ಎನ್ನುವುದು ನನ್ನ ಸಂಶೋಧನೆ. ಇದನ್ನು ಯಾರಿಗೆ ಹೇಳಿದರೂ ಮುಂದಿನ ಜೋಕಿಗಾಗಿ ಕಾಯುತ್ತಾರೆ. ಅಪ್ಪ ಮಾಟುಂಗದ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತು ಕೂದಲು ಬೆಳ್ಳಗೆ ಮಾಡಿಕೊಂಡವರು. ಅಲ್ಲಿ ಯಾರಾದರೂ "ಭಟ್ರೇ, ಮಗ ಎಂತ ಮಾಡ್ತಾನೆ?" ಎಂದರೆ ಅಪ್ಪ "ಕಲ್ಲು ಓದ್ತಾನೆ" ಎನ್ನುತ್ತಿದ್ದರು. ಅಡುಗೆಮನೆಯೆಲ್ಲ ನಗುತ್ತಿತ್ತು. ಅಪ್ಪ ನಗುತ್ತಿರಲಿಲ್ಲ.

ಈ ವರ್ಷ ಮಾಟುಂಗದ ಕನ್ನಡ ಸಂಘದ ಅಧ್ಯಕ್ಷರು ವಾರ್ಷಿಕೋತ್ಸವಕ್ಕೆ ಮಿಮಿಕ್ರಿ ಮಾಡು ಎಂದು ಫೋನ್ ಮಾಡಿದಾಗ, ನಾನು ಧೈರ್ಯ ಮಾಡಿ ಉಪನ್ಯಾಸ ಕೊಡುತ್ತೇನೆ ಎಂದೆ. "ಯಾವುದರ ಮೇಲೆ?" ಹೇಳಿದೆ. ಅತ್ತ ಕಡೆಯಿಂದ, "ಓಹೋ, ಕಲ್ಲಿನ ಮಿಮಿಕ್ರಿ! ಹೊಸ ಐಟಂ. ಬಾ ಬಾ."

ಅಪ್ಪನಿಗೆ ಮಾತ್ರ ಇದು ಐಟಂ ಆಗಿರಲಿಲ್ಲ. ರಜೆ ಹಾಕಿದರು. ಹೋಟೆಲಿನ ಹುಡುಗರನ್ನೆಲ್ಲ ಕರೆದರು. ಹೊರಡುವಾಗ ನನ್ನ ಅಂಗಿಯ ಕಾಲರು ಸರಿ ಮಾಡುತ್ತ, "ಇದೊಂದು ಸಲ ನಗಿಸಬೇಡ ಮಾರಾಯ. ಅವರಿಗೆ ಗೊತ್ತಾಗಲಿ, ನೀನು ಹೌದಾದ ಕೆಲಸವೇ ಮಾಡುವುದು ಅಂತ" ಎಂದರು. ಕಾವಲಿಯ ಮುಂದೆ ಜನ್ಮ ಕಳೆದವರು ಮಗನ ಕೆಲಸ ಕೆಲಸವೇ ಎಂದು ನಾಲ್ಕು ಜನರೆದುರು ತೋರಿಸಬೇಕಾಗಿ ಬಂದದ್ದು ನನ್ನ ಗಂಟಲಿನ ಪ್ರತಾಪ.

ವೇದಿಕೆ ಹತ್ತಿ "ನಮಸ್ಕಾರ" ಎಂದೆ. ಸಭೆ ನಕ್ಕಿತು. "ಭೂಫಲಕ" ಎಂದೆ, ಯಾರೋ ಪಂಡಿತರ ಅನುಕರಣೆ ಎಂದುಕೊಂಡು ಇನ್ನಷ್ಟು ನಕ್ಕಿತು. ಪರದೆಯ ಮೇಲೆ ಕಪ್ಪನೆಯ ಮೆತ್ತನೆ ಕಲ್ಲಿನ ನಡುವೆ ಬಿಳಿಗೆರೆಗಳಿದ್ದ ಗಟ್ಟಿ ತುಂಡುಗಳ ಚಿತ್ರ ಬಂತು, ಅದಕ್ಕೂ ನಕ್ಕಿತು. ಮುಂದಿನ ಸಾಲಿನಲ್ಲಿ ಅಪ್ಪ ನೆಲ ನೋಡುತ್ತಿದ್ದರು. ಅವರನ್ನು ನೋಡುತ್ತಲೇ ನನಗೆ ನಮ್ಮ ಹಳೆಯ ಸ್ಲೋ ಲೋಕಲ್ ರೈಲು ನೆನಪಾಯಿತು. ಬರೆದು ತಂದಿದ್ದ ಕಾಗದ ಮಡಚಿಟ್ಟೆ.

ನಾವು ಮನೆಗೊಂದೇ ಕೋಣೆಯ ಚಾಲಿನಲ್ಲಿದ್ದ ಕಾಲ. ಶಾಲೆಗೆ ರಜೆ ಬಂದರೆ ಅಪ್ಪನ ಜೊತೆ ಬೆಳಗಿನ ಗಾಡಿಗೆ ನಾನೂ. ಗಾಡಿ ಘಾಟ್ಕೋಪರಿಗೆ ಬರುವಷ್ಟರಲ್ಲಿ ಮೂರು ಜನರ ಬೆಂಚಿನಲ್ಲಿ ಮೂರು ಜನ ಕೂತಾಗಿರುತ್ತಿತ್ತು. ಹಾಗೆಂದು ಯಾರೂ ನಿಂತೇ ಹೋಗುವುದಿಲ್ಲ. ತುದಿಯಲ್ಲಿ ನಾಲ್ಕನೆಯವನಿಗೆ ಅಂಗೈಯಗಲ ಜಾಗ ಕೊಡಬೇಕು, ಅದು ಚೌಥಿ ಸೀಟ್, ಈ ಊರಿನ ಧರ್ಮ. ಅಪ್ಪ ಅರ್ಧ ಕುಂಡೆ ಊರಿ, ಒಂದು ಕಾಲು ದಾರಿಯಲ್ಲಿಟ್ಟು ಕೂರುತ್ತಿದ್ದರು. ಇನ್ನೊಂದು ಮೊಣಕಾಲಿನ ಮೇಲೆ ನಾನು. ನಾನು ಮಿಮಿಕ್ರಿ ಕಲಿತ ಪಾಠಶಾಲೆ ಆ ಮೊಣಕಾಲು.

ಆ ಬೆಂಚನ್ನೇ ಸಭೆಗೆ ಹೇಳಿದೆ. ನಡುವೆ ಕೂರುವ ಬ್ಯಾಂಕ್ ಮಾಮ ಗಟ್ಟಿ ಕಲ್ಲು. "ಜರಾ ಸರ್ಕೋ" ಎಂದರೆ, "ಎಲ್ಲಿಗೆ ಸರಿಯಲಿ, ಕಿಟಕಿಯಿಂದ ಆಚೆಗಾ?" ಎಂದು ಪೇಪರು ಬಿಡಿಸುವವರು. ತಳ್ಳು ಬರುತ್ತಲೇ ಇರುತ್ತದೆ, ಅವರು ಕದಲುವುದಿಲ್ಲ, ಸೊಂಟ ಮಾತ್ರ ಒಂದಿಷ್ಟು ಬಾಗುತ್ತದೆ. ಕುರ್ಲಾ ಹತ್ತಿರ ಬ್ರೇಕ್ ಬಿದ್ದಾಗ ಒಂದೇ ಏಟಿಗೆ ಜಾರಿ ಕಿಟಕಿ ಪಕ್ಕದವನನ್ನು ಗೋಡೆಗೆ ಅಂಟಿಸುತ್ತಾರೆ. ಭೂಕಂಪ ಎಂದರೆ ಇದೇ. ಅವರ ಈಚೆಗೆ ಯಮನಪ್ಪ, ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಬಾಗಲಕೋಟೆಯವನು. "ಬರ್ರಿ ಭಟ್ರ, ಕುಂದರ್ರಿ, ಜಾಗಾ ನಾವ್ ಮಾಡಿದ್ರ ಆಕ್ಕೈತಿ" ಎಂದು ಮೈಯನ್ನೇ ಸಣ್ಣದು ಮಾಡಿಕೊಳ್ಳುತ್ತಿದ್ದ. ನೀರು ಕುಡಿದ ಜೇಡಿಕಲ್ಲು ಹೀಗೆಯೇ, ಸದ್ದಿಲ್ಲದೆ ಜಾರುತ್ತದೆ, ಯಾರ ಮನೆಯ ಪಾತ್ರೆಯೂ ಬೀಳುವುದಿಲ್ಲ. ಗಟ್ಟಿಯದೂ ಮೆತ್ತನೆಯದೂ ಒಂದೇ ಬೆಂಚಿನಲ್ಲಿ. ಒಂದು ಬಿರಿಯುತ್ತದೆ, ಪಕ್ಕದ್ದು ಹರಿಯುತ್ತದೆ. ಪರದೆಯ ಮೇಲಿನ ಚಿತ್ರದಲ್ಲಿ ಇರುವುದೂ ಅಷ್ಟೇ.

ಇಬ್ಬರ ದನಿಗಳೂ ತಾವಾಗಿಯೇ ಬಂದವು. ಸಭೆ ನಕ್ಕಿತು, ಆದರೆ ಈ ಸಲ ನಗು ಬೇಗ ತಗ್ಗಿತು. ಎಲ್ಲರಿಗೂ ತಮ್ಮ ತಮ್ಮ ಬೆಂಚು ನೆನಪಾಗಿರಬೇಕು. ಹಿಂದಿನಿಂದ ಒಬ್ಬರು, "ನಮ್ಮ ಗಾಡಿಯ ಡಬ್ಬಿಯಲ್ಲೂ ಒಬ್ಬ ಇದ್ದ, ಅಂಥವನೇ" ಎಂದರು, ಸತ್ತವರ ಬಗ್ಗೆ ಹೇಳುವ ಹಾಗೆ ಮೆಲ್ಲಗೆ.

"ಇನ್ನೂ ಆಳಕ್ಕೆ ಹೋದರೆ ಬಿಸಿ ಜಾಸ್ತಿ" ಎಂದೆ. "ಅಲ್ಲಿ ಗಟ್ಟಿ ಕಲ್ಲೂ ಒಡೆಯುವುದಿಲ್ಲ. ಕರಗುವುದೂ ಇಲ್ಲ. ಘನವಾಗಿದ್ದುಕೊಂಡೇ ನಿಧಾನವಾಗಿ ಆಕಾರ ಬದಲಿಸುತ್ತದೆ. ಆಮೇಲೆ ಒತ್ತಡ ಹೋದರೂ ಹಳೆಯ ಆಕಾರಕ್ಕೆ ಮರಳುವುದಿಲ್ಲ." ಹೇಳುತ್ತ ಅಪ್ಪನ ಕಡೆ ನೋಡಿದೆ. ಅವರ ಎರಡೂ ಪಕ್ಕದ ಕುರ್ಚಿಗಳು ಖಾಲಿ ಇದ್ದವು. ಅಪ್ಪ ತಮ್ಮ ಕುರ್ಚಿಯ ತುದಿಯಲ್ಲಿ ಅರ್ಧ ಮಾತ್ರ ಕೂತಿದ್ದರು, ಒಂದು ಕಾಲು ದಾರಿಯಲ್ಲಿ.

ಯಾರೂ ನಗಲಿಲ್ಲ. ಹೋಟೆಲಿನ ಹುಡುಗರು ಕೈಕಟ್ಟಿ ಪರದೆಯನ್ನೇ ನೋಡುತ್ತಿದ್ದರು. ಅಪ್ಪ ನೆಲ ನೋಡುವುದನ್ನು ಬಿಟ್ಟು ಅಕ್ಕಪಕ್ಕ ನೋಡುತ್ತಿದ್ದರು, ಎಷ್ಟು ಜನ ಕೇಳುತ್ತಿದ್ದಾರೆ ಎಂದು ಎಣಿಸುವವರಂತೆ.

ಕೊನೆಗೆ ಒಬ್ಬರು ಅಜ್ಜಿ ಎದ್ದು ನಿಂತರು. "ಮಗಾ, ನಮ್ಮ ಮುಂಬೈ ಅಡಿಯಲ್ಲೂ ಹೀಗೆ ಒಂದರೊಳಗೊಂದು ನುಗ್ಗುವುದು ಉಂಟಾ?"

"ಇಲ್ಲ ಅಜ್ಜಿ, ಇಲ್ಲಿರುವುದು ಎಂದೋ ಉಕ್ಕಿ ಆರಿದ ಲಾವಾ. ನುಗ್ಗುವುದು ಅತ್ತ ಅಂಡಮಾನ್ ಕಡೆ" ಎಂದೆ.

ಅಜ್ಜಿ ಕೂರಲಿಲ್ಲ. ತಲೆ ಓರೆ ಮಾಡಿ ಯೋಚಿಸಿದರು. "ಬ್ಯಾಂಕಿನವರದ್ದು ಗೊತ್ತಾಯ್ತು, ಮೂಟೆಯವನದ್ದೂ ಗೊತ್ತಾಯ್ತು. ಈಗ ಮಾತಾಡಿದ್ದು ಯಾರ ದನಿ ಮಗಾ? ಅಷ್ಟು ಸರಿ ಬರ್ಲಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಎದ್ದುನಿಂತರು. "ಅದು ಅವನದ್ದೇ ಅಮ್ಮ, ಮನೆಯಲ್ಲಿ ನಾವೂ ಅಪರೂಪಕ್ಕೆ ಕೇಳುವುದು" ಎಂದು, ನಗಿಸಬೇಡ ಎಂದಿದ್ದವರೇ ಮೊದಲು ನಕ್ಕರು. ಆ ದಿನದ ದೊಡ್ಡ ನಗು ಅಪ್ಪನ ಪಾಲಾಯಿತು.

ಅಂದಿನಿಂದ ಕನ್ನಡಿ ಮುಂದೆ ಆ ದನಿಯನ್ನು ಅಭ್ಯಾಸ ಮಾಡುತ್ತಿದ್ದೇನೆ. ಬ್ಯಾಂಕ್ ಮಾಮ ಒಂದೇ ದಿನಕ್ಕೆ ಬಂದಿದ್ದರು. ಇದು ಇನ್ನೂ ಹಿಡಿತಕ್ಕೆ ಸಿಕ್ಕಿಲ್ಲ.